ಮೂರು ಸಲ ಹಾಕಿ ತೆಗೆದರೆ, ಕೆಳಗೆ ಬಾ

ಆ ದೀಪ ಆರಿಸಿ. ಹಾಂ... ಈಗ ಹೇಳ್ತೀನಿ. ಆದರೆ ಮಧ್ಯೆ ಮಧ್ಯೆ "ಆಮೇಲೆ? ಆಮೇಲೆ?" ಅಂತ ಪೀಡಿಸಿದ್ರೆ ಎದ್ದು ಹೋಗ್ತೀನಿ ಅಷ್ಟೇ. ಇದು ಯಾರೋ ಕಟ್ಟಿ ಹೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ನಾವೆಲ್ಲ ಸಣ್ಣಕ್ಕ ಅಂತೀವಲ್ಲ, ಅವಳಿಗೆ. ಆ ರಾತ್ರಿ ನಾನು ಅವರ ಮನೆಯಲ್ಲೇ ಇದ್ದೆ.

ರಾತ್ರಿ ಎಂಟೂವರೆ ಸುಮಾರು. ಸಣ್ಣಕ್ಕ ನೀರಿನ ಪಂಪ್‌ಹೌಸಿನಿಂದ ಮನೆ ಕಡೆ ನಡ್ಕೊಂಡು ಬರ್ತಿದ್ದಳು. ಗೇಟು ದಾಟಿ ಇನ್ನೂರು ಹೆಜ್ಜೆ ಬಂದರೆ ಒಂದು ಹಳೇ ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ, ಕಟ್ಟೆ ಮಾತ್ರ ಹಾಗೇ ಇದೆ. ಜಾಲರಿ ಕೆಳಗಿಂದ ಸದ್ದು ಬರ್ತಿತ್ತು. ತೊಟ್... ಎಷ್ಟೋ ಹೊತ್ತು ಬಿಟ್ಟು ಇನ್ನೊಂದು, ತೊಟ್... ಅಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದ್ದಳು, ಆ ಸದ್ದು ಒಂದು ದಿನ ಕೇಳಿರಲಿಲ್ಲ. ಪಂಪುಗಳು ಹಗಲೂ ರಾತ್ರಿ ಗುಂಯ್ ಅಂತಿದ್ದವು, ಅದರಲ್ಲಿ ಎಲ್ಲ ಮುಚ್ಚಿಹೋಗ್ತಿತ್ತು. ಅವತ್ತು ಸಂಜೆ ಪಂಪು ನಿಲ್ಲಿಸಿದ್ದರು. ಹೊಸ ಪಂಪ್‌ಹೌಸ್ ಶುರುವಾಗಿತ್ತು, ಮಾರನೇ ದಿನ ಬೆಳಿಗ್ಗೆ ಹಳೇದನ್ನೆಲ್ಲ ಬಿಚ್ಚಿಕೊಂಡು ಹೋಗೋರಿದ್ದರು.

ಬಾವಿ ಹತ್ತಿರ ಬಂದವಳಿಗೆ ಕಾಲೇ ಮುಂದೆ ಹೋಗಲಿಲ್ಲ. ಕಟ್ಟೆ ಮೇಲೆ ಕೂತುಬಿಟ್ಟಳು. ಬಾವಿಯಲ್ಲಿ ಏನೋ ಕಂಡಳು ಅಂತ ತಿಳೀಬೇಡಿ, ಬಾವಿ ಪಾಪ ಏನೂ ಮಾಡಲಿಲ್ಲ. ಸ್ವಲ್ಪ ಮುಂಚೆ ಪಂಪ್‌ಹೌಸಿನ ಕಂಪ್ಯೂಟರಿನಲ್ಲಿ ಅವಳು ಒಂದು ವಿಷಯ ಓದಿದ್ದಳು. ಅದನ್ನ ಓದಿದ ಮೇಲೆ ಮನೆಗೆ ಹೋಗಿ ಅಮ್ಮನ ಮುಖ ಹೇಗೆ ನೋಡೋದು ಅಂತ ತಿಳಿಯದೆ ಕೂತಳು.

ಏನು ಓದಿದಳು ಅಂತ ಹೇಳೋಕೆ ಮುಂಚೆ ಆ ಅಣ್ಣತಂಗಿಯರ ಕೆಲಸ ಏನು ಅಂತ ಹೇಳ್ಬೇಕು. ಆಕಳಿಸಬೇಡಿ, ಬೇಗ ಮುಗಿಸ್ತೀನಿ.

ಅಣ್ಣ ಅಂದ್ರೆ ಸಣ್ಣಕ್ಕನ ಒಡಹುಟ್ಟಿದ ಅಣ್ಣ. ನಮಗೆಲ್ಲರಿಗೂ ಅವನು ಬರೀ ಅಣ್ಣ. ಇಬ್ಬರೂ ಸೇರಿ ಪಂಪ್‌ಹೌಸಿಗೆ ಒಂದು ಕಂಪ್ಯೂಟರ್ ಕೂಡಿಸಿಕೊಟ್ಟಿದ್ದರು. ಯಾವ ಟ್ಯಾಂಕಿನಲ್ಲಿ ಎಷ್ಟು ನೀರಿದೆ, ಯಾವ ಪಂಪು ಓಡ್ತಿದೆ, ಎಲ್ಲ ಸ್ಕ್ರೀನ್ ಮೇಲೆ ತೋರಿಸೋ ಕಂಪ್ಯೂಟರ್. ಅದಕ್ಕೆ ಐದು ಸ್ಕ್ರೀನು. ನಾಲ್ಕು ಮೇಲಿನ ಕೋಣೆಯಲ್ಲಿ. ಒಂದು ಮಾತ್ರ ಕೆಳಗೆ, ನೆಲಮಾಳಿಗೆಯಲ್ಲಿ, ಪಂಪುಗಳ ಪಕ್ಕ. ಆ ಕೆಳಗಿನ ಸ್ಕ್ರೀನಿನ ಉದ್ದನೆ ಕೇಬಲ್ ಮೇಲೆ ಬಂದು ಕಂಪ್ಯೂಟರಿನ ಮೂರನೇ ಪೋರ್ಟಿಗೆ ಸೇರ್ತಿತ್ತು. ಈ ಮೂರನೇ ಪೋರ್ಟನ್ನ ನೆನಪಿಟ್ಕೊಳ್ಳಿ.

ಈಗ, ಒಂದು ಸ್ಕ್ರೀನಿಗೆ ಕೇಬಲ್ ಹಾಕಿದ್ರೆ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತೆ ಹೇಳಿ ನೋಡೋಣ? ನನಗೂ ಗೊತ್ತಿರಲಿಲ್ಲ, ಅಣ್ಣನೇ ಹೇಳಿಕೊಟ್ಟಿದ್ದು. ಕಂಪ್ಯೂಟರಿನ ಒಳಗೆ ಎರಡು ಅಂತಸ್ತು ಇರುತ್ತಂತೆ. ಕೆಳಗಿನ ಅಂತಸ್ತಿಗೆ ಕರ್ನಲ್ ಅಂತಾರೆ. ಅಲ್ಲಿ ಒಬ್ಬ ಡ್ರೈವರ್ ಇರ್ತಾನೆ. ಬಸ್ಸಿನ ಡ್ರೈವರ್ ಅಲ್ಲ, ಅದೂ ಒಂದು ಪ್ರೋಗ್ರಾಮೇ. ಕೇಬಲ್ ಸಿಕ್ಕಿಸಿದ ತಕ್ಷಣ ಒಂದು ಸೂಜಿಯಷ್ಟು ತಂತಿಯಲ್ಲಿ ಕರೆಂಟು ಏರುತ್ತೆ, ಅದು ಮೊದಲು ಗೊತ್ತಾಗೋದು ಅವನಿಗೆ. ಅವನು ಮೇಲಿನ ಅಂತಸ್ತಿಗೆ ಒಂದೇ ಮಾತು ಕೂಗ್ತಾನೆ: "ಏನೋ ಬದಲಾಗಿದೆ, ಬಂದು ನೋಡಿ." ಯಾರು ಬಂದ್ರು, ಯಾರು ಹೋದ್ರು, ಅದೆಲ್ಲ ಹೇಳೋಲ್ಲ. ಮೇಲಿನ ಪ್ರೋಗ್ರಾಮೇ ಇಳಿದು ಬಂದು ಒಂದೊಂದು ಪೋರ್ಟಿನ ಹತ್ತಿರ "ಯಾರಪ್ಪ ನೀನು?" ಅಂತ ಕೇಳ್ಬೇಕು. ಆಗ ಸ್ಕ್ರೀನು ತನ್ನ ಹೆಸರು, ನಂಬರು, ಅಳತೆ ಹೇಳುತ್ತೆ. ಆಮೇಲೆ ಅದಕ್ಕೆ ಚಿತ್ರ ಕೊಡ್ತಾರೆ.

ಕೆಳಗಿನ ಡ್ರೈವರನ್ನ ಬರೆದವನು ಅಣ್ಣ. ಮೇಲಿನ ಪ್ರೋಗ್ರಾಮು ಸಣ್ಣಕ್ಕಂದು. ಮನೆಯಲ್ಲೂ ಅವರು ಹಾಗೇ ಇದ್ದರು ಅನ್ನಿ. ಅಣ್ಣ ಹೊರಗಿಂದ ಬಂದವನು "ಯಾರೋ ಬಂದಿದಾರೆ ನೋಡೇ" ಅಂತ ಕೂಗಿ ಸೀದಾ ಬಚ್ಚಲಿಗೆ ಹೋಗೋನು. ಯಾರು, ಯಾಕೆ, ಕೂರಿಸೋದಾ ಕಳಿಸೋದಾ, ಎಲ್ಲ ಇವಳ ತಲೆಗೇ. ಅದಕ್ಕೆ ಬೈಯೋಳು. ಅವನು ನಗೋನು.

ನೆಲಮಾಳಿಗೆಯಲ್ಲಿ ಫೋನ್ ಸಿಗ್ನಲ್ ಇಲ್ಲ. ಪಂಪಿನ ಗದ್ದಲಕ್ಕೆ ಕೂಗಿದ್ರೂ ಕೇಳಲ್ಲ. ಆದ್ರೆ ಅಣ್ಣ ಕೆಳಗೆ, ಸಣ್ಣಕ್ಕ ಮೇಲೆ, ಇದ್ದು ಕೆಲಸ ಮಾಡ್ಬೇಕು. ಅದಕ್ಕೆ ಇಬ್ಬರೂ ಒಂದು ಉಪಾಯ ಮಾಡಿಕೊಂಡಿದ್ದರು. ಅಣ್ಣ ಕೇಬಲನ್ನ ಮೂರು ಸಲ ಹಾಕಿ ತೆಗೆದು ಹಾಕಿ ತೆಗೆದು ಮಾಡಿದ್ರೆ "ಕೆಳಗೆ ಬಾ" ಅಂತ ಅರ್ಥ. ಮೇಲೆ ಸ್ಕ್ರೀನುಗಳು ಮೂರು ಸಲ ಮಿಟುಕುತ್ತಿದ್ದವು. ಸಣ್ಣಕ್ಕ ಅದನ್ನ ನೋಡಿ, ಕೆಳಗಿನ ಸ್ಕ್ರೀನ್ ಮೇಲೆ ದೊಡ್ಡಕ್ಷರದಲ್ಲಿ "ಬಂದೆ" ಅಂತ ಬರೆದು, ಇಳಿದು ಹೋಗೋಳು. ಅಣ್ಣ ಏಣಿ ಬುಡದಲ್ಲಿ ಕೂತು ಆ "ಬಂದೆ" ನೋಡ್ತಾ ಕಾಯ್ತಿದ್ದ.

ಆಮೇಲೆ ಜಗಳ ಬಂತು. ಜಗಳ ಅಂದ್ರೆ ಆಸ್ತಿಪಾಸ್ತಿ ಜಗಳ ಅಲ್ಲ, ಒಂದು ಕೇಬಲಿಗೆ. ಪಂಪು ನಡುಗೋ ನಡುಕಕ್ಕೆ ಕೆಳಗಿನ ಪ್ಲಗ್ಗು ಸಡಿಲ ಆಗಿ, ತಾನಾಗಿ ಬಿಟ್ಟು ಬಿಟ್ಟು ಹತ್ತುತ್ತಿತ್ತು. ಪ್ರತಿ ಸಲ ಡ್ರೈವರು ಕೂಗೋನು, ಪ್ರತಿ ಸಲ ಮೇಲಿನ ನಾಲ್ಕೂ ಸ್ಕ್ರೀನು ಕಪ್ಪಾಗಿ ಮತ್ತೆ ಬರೋವು. ಕೆಲಸ ಮಾಡೋರಿಗೆ ತಲೆನೋವು. ಸಣ್ಣಕ್ಕ ಅಂದಳು, ನಿನ್ನ ಡ್ರೈವರ್ ಬಾಯಿಬಡುಕ, ಎಲ್ಲಕ್ಕೂ ಕೂಗ್ತಾನೆ, ಸ್ವಲ್ಪ ಸುಮ್ಮನಿರೋಕೆ ಕಲಿಸು. ಅಣ್ಣ ಅಂದ, ಆಗಿದ್ದನ್ನ ಆಗಿದೆ ಅಂತ ಹೇಳೋದು ಅವನ ಕೆಲಸ, ಕೇಬಲ್ ರಿಪೇರಿ ಮಾಡೋಣ, ಬಾಯಿ ಮುಚ್ಚಿಸೋದು ಬೇಡ. ಮಾತಿಗೆ ಮಾತು ಬೆಳೀತು. ಇಬ್ಬರಿಗೂ ಕೋಪ ಮೂಗಿನ ತುದಿಯಲ್ಲೇ. ಮೂರು ದಿನ ಮಾತಿಲ್ಲ ಕತೆಯಿಲ್ಲ. ಊಟಕ್ಕೆ ಕೂತಾಗಲೂ ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲ. ದೊಡ್ಡಮ್ಮ ಬಡಿಸ್ತಾ ಬಡಿಸ್ತಾ ಇಬ್ಬರಿಗೂ ಬೈದು ಸುಸ್ತಾದಳು.

ಮೂರನೇ ದಿನ ಸಣ್ಣಕ್ಕ ಹಟಕ್ಕೆ ಬಿದ್ದು ತನ್ನ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದಳು. ಎರಡು ಸೆಕೆಂಡಿನೊಳಗೆ ಬಂದು ಹೋದದ್ದು ಯಾವುದೂ ಲೆಕ್ಕಕ್ಕಿಲ್ಲ. ಡ್ರೈವರು ಕೂಗಿದ್ರೆ ಲಾಗಿನಲ್ಲಿ, ಅಂದ್ರೆ ಕಂಪ್ಯೂಟರು ತನ್ನ ಪಾಡಿಗೆ ಬರೆದಿಡೋ ದಿನಚರಿಯಲ್ಲಿ, "ಗದ್ದಲ, ಬಿಟ್ಟಿದೆ" ಅಂತ ಬರೆದು ಸುಮ್ಮನಾಗೋದು. ಮಿಟುಕೋದು ನಿಂತಿತು. ಅವಳಿಗೆ ಖುಷಿಯೋ ಖುಷಿ. ಅಣ್ಣನಿಗೆ ಹೇಳಲಿಲ್ಲ, ಮಾತೇ ಇರಲಿಲ್ಲವಲ್ಲ. ಆ ಮೂರು ಸಲದ ಕರೆಯೂ ಎರಡು ಸೆಕೆಂಡಿನೊಳಗಿನದೇ... ಅದು ಅವಳ ತಲೆಗೆ ಹೊಳೀಲೇ ಇಲ್ಲ.

ಅವತ್ತು ಸಂಜೆ ಅಣ್ಣ ಹೊಸ ಪ್ಲಗ್ಗು ತಗೊಂಡು ಪಂಪ್‌ಹೌಸಿಗೆ ಬಂದ. ಸಣ್ಣಕ್ಕನಿಗೆ ಏನೂ ಹೇಳದೆ ಕೆಳಗೆ ಇಳಿದ. ಸೋತು ಜಗಳ ಮುಗಿಸೋಕೆ ಬಂದಿದ್ದ ಅಂತ ಅವಳಿಗೂ ಗೊತ್ತಾಯ್ತು, ಆದ್ರೆ ಮುಖ ಊದಿಸಿಕೊಂಡು ಕೂತಳು. ಅವನೇ ಮೇಲೆ ಬಂದು ಮೊದಲು ಮಾತಾಡಲಿ ಅಂತ. ಎದುರಿಗೆ ಸ್ಕ್ರೀನ್ ಮೇಲೆ ಮೂರನೇ ಪೋರ್ಟಿನ ಮುಂದೆ ಹಸಿರು ಚುಕ್ಕೆ. ಎಲ್ಲ ಸರಿ ಇದೆ ಅಂತ. ಒಂಬತ್ತೂವರೆ ಆಯ್ತು. ಬರಲಿಲ್ಲ. ಹತ್ತಕ್ಕೆ ಹತ್ತು ನಿಮಿಷ ಇತ್ತು. ನೆಲಮಾಳಿಗೆಗೆ ಹಿಂದಿನ ರಸ್ತೆ ಕಡೆ ಇನ್ನೊಂದು ಬಾಗಿಲಿದೆ. ಅಲ್ಲಿಂದಲೇ ಹೋಗಿಬಿಟ್ಟ, ಇಷ್ಟು ಜಂಬವಾ ಅಂದುಕೊಂಡು ಚೀಲ ಹೆಗಲಿಗೇರಿಸಿ ಹೊರಟಳು. ಇದೇ ಬಾವಿ ಮುಂದೆಯೇ ನಡೆದು ಮನೆಗೆ ಬಂದು, ಉಂಡು, ಮಲಗಿದಳು. ದೊಡ್ಡಮ್ಮ "ಅಣ್ಣ ಎಲ್ಲೇ?" ಅಂತ ಕೇಳಿದ್ದಕ್ಕೆ, "ನನಗೇನು ಗೊತ್ತು?" ಅಂದಿದ್ದಳು.

ಬೆಳಿಗ್ಗೆ ಪಂಪಿನ ತಾತ ಅವನನ್ನ ನೋಡಿದ. ಮೂವತ್ತು ವರ್ಷದಿಂದ ಆ ಪಂಪು ನೋಡಿಕೊಳ್ತಿರೋ ಮುದುಕ, ಎಲ್ಲರೂ ತಾತ ಅಂತಾರೆ. ಅಣ್ಣ ಕಬ್ಬಿಣದ ಏಣಿ ಹತ್ತುವಾಗ ಮೇಲಿಂದ ಜಾರಿ ಬಿದ್ದಿದ್ದ. ಪ್ಲಗ್ಗು ಬದಲಾಯಿಸೋಕೆ ಅಂತ ಗೋಡೆಯಿಂದ ಇಳಿಸಿಟ್ಟಿದ್ದ ಸ್ಕ್ರೀನು ಪಕ್ಕದಲ್ಲೇ ಇತ್ತು. ಕೈಯಲ್ಲಿ ಕೇಬಲ್ ಹಿಡಿದಿದ್ದ. ಬೀಳುವಾಗ ಸಿಕ್ಕಿದ್ದನ್ನ ಹಿಡ್ಕೊಂಡಿದಾನೆ ಅಂದರು. ತಲೆಗೆ ಪೆಟ್ಟು, ಬಿದ್ದ ಗಳಿಗೆಯಲ್ಲೇ ಹೋಗಿದೆ, ನರಳಲಿಲ್ಲ ಅಂದರು. ದೊಡ್ಡಮ್ಮ ಆ ಒಂದು ಮಾತನ್ನ ಹಿಡ್ಕೊಂಡೇ ಇನ್ನೂ ಬದುಕಿದ್ದಾಳೆ. ಯಾರು ಬಂದ್ರೂ ಹೇಳ್ತಾಳೆ, "ನರಳಲಿಲ್ಲವಂತೆ ನನ್ನ ಮಗ."

ಆ ಸ್ಕ್ರೀನನ್ನ ಪೊಲೀಸರು ನೋಡಿ ವಾಪಸ್ಸು ಕೊಟ್ಟರು. ಹಳೇ ದುಪ್ಪಟಿಯಲ್ಲಿ ಸುತ್ತಿ, ಗಂಟು ಹಾಕಿ, ಬೀರು ಮೇಲೆ ಇಟ್ಟೆವು. ಗಂಟು ಹಾಕಿದ್ದು ನಾನೇ. ಸಣ್ಣಕ್ಕ ಆಮೇಲೆ ಹನ್ನೊಂದು ತಿಂಗಳು ಪಂಪ್‌ಹೌಸ್ ಕಡೆ ತಲೆ ಹಾಕಲಿಲ್ಲ.

ಈಗ ತಿರುಗಿ ಆ ರಾತ್ರಿಗೆ ಬನ್ನಿ. ಬಾವಿಕಟ್ಟೆ ಮೇಲೆ ಕೂತಿದಾಳಲ್ಲ.

ತಾತ ಫೋನ್ ಮಾಡಿದ್ದ. ನಾಳೆ ಹಳೇ ಮಷಿನ್ನು ಗುಜರಿಗೆ ಹೋಗುತ್ತೆ ಅಮ್ಮಾ, ನಿಮ್ಮದು ಏನಾದ್ರೂ ಇದ್ರೆ ತಗೊಂಡು ಹೋಗಿ ಅಂತ. ಮನಸ್ಸು ಗಟ್ಟಿಮಾಡಿಕೊಂಡು ಸಂಜೆ ಹೋಗಿದ್ದಳು. ಪ್ರೋಗ್ರಾಮಿನ ಕಾಪಿ ತೆಗೀತಾ ಇದ್ದಾಗ ನೋಡ್ತಾಳೆ, ಲಾಗು ಇರಬೇಕಾದ್ದಕ್ಕಿಂತ ಎಷ್ಟೋ ದೊಡ್ಡದಾಗಿದೆ. ತೆರೆದಳು. ಹಿಂದಿನ ದಿನ ರಾತ್ರಿಯದು. ನಮ್ಮ ಮಾತಿನಲ್ಲಿ ಹೇಳ್ಬೇಕಂದ್ರೆ ಹೀಗಿತ್ತು. ಒಂಬತ್ತು ಹದಿನೆಂಟು, ಮೂರನೇ ಪೋರ್ಟು, ಏನೋ ಬದಲಾಗಿದೆ. ಗದ್ದಲ, ಬಿಟ್ಟಿದೆ. ಮತ್ತೆ, ಏನೋ ಬದಲಾಗಿದೆ. ಗದ್ದಲ, ಬಿಟ್ಟಿದೆ. ಮತ್ತೆ...

ಮೂರು ಸಲ. ಸ್ವಲ್ಪ ಬಿಟ್ಟು ಮತ್ತೆ ಮೂರು.

ಎದ್ದು ಮಷಿನ್ನಿನ ಹಿಂದೆ ಬಗ್ಗಿ ನೋಡಿದಳು. ಮೂರನೇ ಪೋರ್ಟು ಖಾಲಿ. ಕೇಬಲನ್ನ ಅಣ್ಣ ತೀರಿಕೊಂಡ ವಾರವೇ ಕಿತ್ತು ಸುರುಳಿ ಸುತ್ತಿ ಎಸೆದಿದ್ದರು. ಧೂಳು ಹೋಗದಿರಲಿ ಅಂತ ಪೋರ್ಟಿಗೆ ಪ್ಲಾಸ್ಟಿಕ್ ಬಿರಟೆ ಸಿಕ್ಕಿಸಿದ್ದರು, ಅದೂ ಹಾಗೇ ಇತ್ತು. ಹಿಂದಿನ ರಾತ್ರಿಯ ಹಿಂದಿನ ರಾತ್ರಿ ನೋಡಿದಳು. ಅದೇ. ಹೋದ ತಿಂಗಳು, ಅದರ ಹಿಂದಿನ ತಿಂಗಳು... ಅದೇ ಹೊತ್ತು, ಅದೇ ಸಾಲು. ಹಿಂದೆ ಹಿಂದೆ ಹೋಗಿ ಹೋಗಿ ಅಣ್ಣ ಬಿದ್ದ ರಾತ್ರಿಗೆ ಬಂದು ನಿಂತಳು.

ಶುರುವಾಗಿದ್ದು ಅವತ್ತೇ. ಒಂಬತ್ತು ಹದಿನೆಂಟಕ್ಕೆ ಮೂರು. ಒಂಬತ್ತು ಇಪ್ಪತ್ತಕ್ಕೆ ಮೂರು. ಇಪ್ಪತ್ತೊಂದಕ್ಕೆ ಮೂರು. ಆಮೇಲೆ ನಡುನಡುವೆ ಹೊತ್ತು ಜಾಸ್ತಿ ಆಗ್ತಾ ಹೋಗಿತ್ತು. ಇವಳು ಎದುರಿಗೇ ಕೂತಿದ್ದ ಹೊತ್ತು ಅದೆಲ್ಲ. ಇವಳು ಚೀಲ ಹೆಗಲಿಗೇರಿಸಿದ ಹೊತ್ತಿಗೆ ಮೂರು. ಮನೆಯಲ್ಲಿ ಊಟಕ್ಕೆ ಕೂತ ಹೊತ್ತಿಗೆ ಎರಡು. ಹತ್ತು ಮೂವತ್ತೊಂದಕ್ಕೆ ಕೊನೇದು... ಒಂದೇ.

ಒಂದೊಂದರ ಪಕ್ಕದಲ್ಲೂ ಅವಳೇ ಬರೆಸಿದ ಮಾತು. ಗದ್ದಲ, ಬಿಟ್ಟಿದೆ.

ಅರ್ಥ ಆಯ್ತಲ್ಲ? ಬಿದ್ದ ಗಳಿಗೆಯಲ್ಲೇ ಹೋಗಿರಲಿಲ್ಲ ಅವನು. ಒಂದು ಗಂಟೆಗೂ ಮೇಲೆ ಬದುಕಿದ್ದ. ಕೈಗೆ ಸಿಕ್ಕಿದ್ದ ಕೇಬಲ್ ಹಿಡಿದು ತಂಗಿಯನ್ನ ಕರೀತಿದ್ದ. "ಬಂದೆ" ಅಂತ ಬರುತ್ತೆ ಅಂತ ಆ ಸ್ಕ್ರೀನನ್ನೇ ನೋಡ್ತಾ ಬಿದ್ದಿದ್ದ. ಆದ್ರೆ ಸಣ್ಣಕ್ಕನ ಎದೆಗೆ ಚುಚ್ಚಿದ್ದು ಅದಕ್ಕಿಂತ ಹೆಚ್ಚಿಂದು. ಅವಳು ಹಾಕಿದ ಸಾಲು ಅಣ್ಣನಿಗೆ ಗೊತ್ತೇ ಇರಲಿಲ್ಲ. ಮೇಲೆ ಸ್ಕ್ರೀನು ಮಿಟುಕ್ತಿದೆ, ತಂಗಿ ನೋಡ್ತಿದಾಳೆ, ಕೋಪಕ್ಕೆ ಇಳಿದು ಬರ್ತಿಲ್ಲ ಅಂತ ತಿಳ್ಕೊಂಡೇ ಹೋದ. ಆ ಒಂದು ಗಂಟೆ ಪೂರ್ತಿ ಹಾಗೇ ತಿಳ್ಕೊಂಡಿದ್ದ. ಇನ್ನು ಅವನಿಗೆ ಯಾರು ಹೇಳ್ತಾರೆ, ಹೇಗೆ ಹೇಳ್ತಾರೆ?

ಮಷಿನ್ನು ಆರಿಸಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಎದ್ದು ಬಂದುಬಿಟ್ಟಳು. ಬಾವಿ ತನಕ ಬಂದು ಕೂತಳು. ತೊಟ್... ತೊಟ್... ಕೇಳ್ತಾ ಎಷ್ಟು ಹೊತ್ತು ಕೂತಳೋ. ಫೋನು ತೆಗೆದು ಗಂಟೆ ನೋಡಿದಳು. ಒಂಬತ್ತು ಗಂಟೆ ನಾಲ್ಕು ನಿಮಿಷ. ಇನ್ನು ಹದಿನಾಲ್ಕು ನಿಮಿಷಕ್ಕೆ ಅವನು ಕರೀತಾನೆ. ಹನ್ನೊಂದು ತಿಂಗಳಿಂದ ದಿನಾ ಕರೀತಿದಾನೆ. ನಾಳೆ ಕರೆಯೋಕೆ ಆ ಮಷಿನ್ನೂ ಇರೋಲ್ಲ.

ಎದ್ದಳು. ತಿರುಗಿ ಪಂಪ್‌ಹೌಸ್ ಕಡೆ ಹೊರಟಳು. ಹೆದರಿಕೆ ಆಗಲಿಲ್ಲವಾ ಅಂತ ನಾನು ಕೇಳಿದೆ. "ನನ್ನಣ್ಣನಿಗೆ ನಾನ್ಯಾಕೆ ಹೆದರಲಿ" ಅಂದಳು.

ಗೇಟಿನಲ್ಲಿ ತಾತ ಸ್ಟೂಲ್ ಮೇಲೆ ಕೂತಿದ್ದ. ಇವಳನ್ನ ನೋಡಿ ಯಾಕೆ ಬಂದ್ರಿ ಅಂತ ಕೇಳಲಿಲ್ಲ. ಬೀಗದಕೈ ತೆಗೆದು ಕೈಗೆ ಕೊಟ್ಟ. ಆಮೇಲೆ ಮೆಲ್ಲಗೆ, ಪಿಸುಗುಟ್ಟೋ ಹಾಗೆ,

"ಒಂಬತ್ತೂ ಕಾಲು ಆದ್ಮೇಲೆ ಅಲ್ವಾ?" ಅಂದ.

ಸಣ್ಣಕ್ಕ ಅಲ್ಲೇ ನಿಂತಳು. "ನಿಮಗೆ ಗೊತ್ತಾ ತಾತ?"

"ಕೆಳಗೆ... ಚಿಕ್, ಟಕ್. ಚಿಕ್, ಟಕ್. ಚಿಕ್, ಟಕ್."

"ಪಂಪಿನ ಸದ್ದಿನಲ್ಲಿ ಹೇಗೆ ಕೇಳಿಸ್ತು?"

"ಕಿವಿಗಲ್ಲಮ್ಮಾ. ಏಣಿ ಹಿಡ್ಕೊಂಡ್ರೆ ಕೈಗೆ."

ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಇವಳು ಕೇಳಿದ್ದಕ್ಕೆ ಮುದುಕ ತಲೆ ತಗ್ಗಿಸಿದ. "ಹೇಳಿದ್ರೆ ನೀವು ತಡ್ಕೊಳ್ತಿದ್ರಾ?" ಅಂದ. ಅಷ್ಟೇ.

ಮೇಲಿನ ಕೋಣೆಗೆ ಹೋದಳು. ಮಷಿನ್ನು ಓಡ್ತಾನೇ ಇತ್ತು. ಕೂತು, ತಾನು ಹಾಕಿದ್ದ ಆ ಸಾಲನ್ನ ಹುಡುಕಿ ಅಳಿಸಿದಳು. ಒಂದೇ ಸಾಲು. ಅಳಿಸೋಕೆ ಎರಡು ಸೆಕೆಂಡು ಹಿಡೀಲಿಲ್ಲ ಅಂದಳು. ಪ್ರೋಗ್ರಾಮನ್ನ ನಿಲ್ಲಿಸಿ ಮತ್ತೆ ಶುರುಮಾಡಿದಳು. ಒಂಬತ್ತು ಹದಿನಾರು. ಕೈ ತೊಡೆ ಮೇಲಿಟ್ಟುಕೊಂಡು ಕೂತಳು. ಮಷಿನ್ನಿನ ಫ್ಯಾನು ಸರ್‌ರ್ ಅಂತಿತ್ತು. ಗೋಡೆ ಗಡಿಯಾರದ ಮುಳ್ಳು ಟಿಕ್ ಟಿಕ್. ಬೇರೇನೂ ಇಲ್ಲ.

ಒಂಬತ್ತು ಹದಿನೇಳು...

ಒಂಬತ್ತು ಹದಿನೆಂಟು.

ನಾಲ್ಕೂ ಸ್ಕ್ರೀನು ಒಟ್ಟಿಗೆ ಕಪ್ಪಾದವು. ಬಂದವು. ಕಪ್ಪಾದವು. ಬಂದವು. ಕಪ್ಪಾದವು... ಮೂರನೇ ಸಲ ಬಂದಾಗ ಕೋಣೆಯ ದೀಪ ಒಂದೇ ಸಮ ಉರೀತಿತ್ತು, ಮಷಿನ್ನಿನ ಫ್ಯಾನು ಸದ್ದು ಬದಲಿಸಿರಲಿಲ್ಲ. ಕರೆಂಟು ಹೋಗಿ ಬಂದದ್ದಲ್ಲ ಅದು.

ಕೆಳಗಿನವನು ಕೂಗಿದಾನೆ, ಬಂದು ನೋಡಿ ಅಂತ. ಈ ಸಲ ಅವಳ ಪ್ರೋಗ್ರಾಮು ಹೋಯ್ತು. ಮೂರನೇ ಪೋರ್ಟನ್ನ ಕೇಳಿತು, ಯಾರು ಅಂತ. ಉತ್ತರ ಬಂತು. ಹೆಸರು, ಅಳತೆ, ನಂಬರು. ಹದಿಮೂರಂಕಿಯ ನಂಬರು. ಅದು ಅವಳಿಗೆ ಬಾಯಿಪಾಠ. ಅಣ್ಣ ಆ ಸ್ಕ್ರೀನು ಕೊಂಡ ದಿನ ಅವಳ ಕೈಲೇ ಬರೆಸಿಕೊಂಡಿದ್ದ. ಆ ಸ್ಕ್ರೀನು ಆ ಹೊತ್ತಿಗೆ ನಮ್ಮ ದೊಡ್ಡಮ್ಮನ ಮನೆಯಲ್ಲಿ, ಬೀರು ಮೇಲೆ, ದುಪ್ಪಟಿಯೊಳಗೆ ಇತ್ತು.

ಸಣ್ಣಕ್ಕ ಕೀಲಿಮಣೆ ಹತ್ತಿರ ಎಳ್ಕೊಂಡಳು. ಮೂರನೇ ಪೋರ್ಟಿನ ಸ್ಕ್ರೀನಿಗೆ, ದೊಡ್ಡಕ್ಷರದಲ್ಲಿ, ಬರೆದಳು.

ಬಂದೆ.

ಎದ್ದು ಓಡಿದಳು. ನೆಲಮಾಳಿಗೆ ಬಾಗಿಲು ಕಿರ್‌ರ್ ಅಂತು. ಒಳಗೆ ಕತ್ತಲು, ಜಿಡ್ಡಿನ ವಾಸನೆ. ಫೋನಿನ ಬೆಳಕು ಹಿಡಿದು ಏಣಿ ಇಳಿದಳು. ಒಂದೊಂದು ಮೆಟ್ಟಿಲಿಗೂ ಖಣ್... ಖಣ್... ಅಂತ ಸದ್ದು. ಕೆಳಗೆ ಏನೂ ಇರಲಿಲ್ಲ. ಆರಿಹೋದ ಪಂಪುಗಳು. ಗೋಡೆ ಮೇಲೆ ಸ್ಕ್ರೀನು ನೇತುಹಾಕ್ತಿದ್ದ ಎರಡು ಕೊಕ್ಕೆ. ಕೆಳಗೆ ಸಿಮೆಂಟು ನೆಲ, ತೊಳೆದು ತೊಳೆದು ಬೆಳ್ಳಗಾಗಿದ್ದ ಒಂದು ಜಾಗ.

ಏಣಿ ಬುಡದಲ್ಲಿ, ಅವನು ಕೂರ್ತಿದ್ದ ಕಡೆಯೇ ಕೂತಳು. ಗೋಡೆ ಮೇಲಿನ ಆ ಎರಡು ಕೊಕ್ಕೆ ಕಡೆ ನೋಡಿದಳಂತೆ. ಆಮೇಲೆ,

"ಅಣ್ಣಾ... ನನಗೆ ಕಾಣಿಸ್ಲಿಲ್ಲ ಕಣೋ" ಅಂದಳು. "ನೀನು ಕರೆದದ್ದು ನನ್ನ ತನಕ ಬರಲೇ ಇಲ್ಲ. ನಾನೇ ತಡೆದಿಟ್ಟಿದ್ದೆ. ನಿನಗೆ ಹೇಳಿರಲಿಲ್ಲ. ಕೋಪಕ್ಕೆ ಬರಲಿಲ್ಲ ಅಂದ್ಕೋಬೇಡ. ಕಂಡಿದ್ರೆ ಎಷ್ಟು ಕೋಪ ಇದ್ರೂ ಬರ್ತಿದ್ದೆ."

ನಿಮ್ಮ ಹಾಗೆ ನಾನೂ ಕೇಳಿದೆ, ಏನಾದ್ರೂ ಕಂಡಿತಾ, ಯಾರಾದ್ರೂ ಮುಟ್ಟಿದ ಹಾಗಾಯ್ತಾ ಅಂತ. ಏನಿಲ್ಲ. ಬರೀ ಕತ್ತಲು. ಅವಳು ಅತ್ತಳು. ಅವನು ಸತ್ತಾಗ ನಾಲ್ಕು ಜನರ ಎದುರು ಅಳೋಕಾಗದೆ ಗಟ್ಟಿಯಾಗಿ ನಿಂತಿದ್ದಳಲ್ಲ, ಅದನ್ನೆಲ್ಲ ಅವತ್ತು ಅಲ್ಲಿ ಕೂತು ಅತ್ತಳು. ಜಗಳದ ಮೂರು ದಿನದಲ್ಲಿ ಹೇಳಬೇಕು ಅಂತಿದ್ದದ್ದನ್ನೆಲ್ಲ ಹೇಳಿದಳು. ಅಮ್ಮನ ಮಂಡಿನೋವು ಹೇಳಿದಳು. ಅವನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇದೆ, ಯಾರೂ ತೆಗೆದಿಲ್ಲ ಅಂತ ಹೇಳಿದಳು. ಮುಂದಿನ ಕರೆ ಇಪ್ಪತ್ತಕ್ಕೆ ಬರಬೇಕಿತ್ತು. ಬರಲಿಲ್ಲ. ಇಪ್ಪತ್ತೊಂದಕ್ಕೂ ಇಲ್ಲ.

ಹಾಗೇ ಕೂತಿದ್ದಳು. ಏಣಿಯ ಕಂಬಿಗೆ ಒರಗಿಕೊಂಡಿದ್ದಳು. ಕಣ್ಣು ಮುಚ್ಚಿತ್ತೋ ಏನೋ... ಬೆನ್ನಿಗೆ ಗೊತ್ತಾಯ್ತು. ಕಂಬಿಯಲ್ಲಿ, ಸಣ್ಣಗೆ.

ಟಕ್.

ಒಂದೇ. ತೆಗೆದ ಸದ್ದು.

ಮೇಲೆ ಹೋಗಿ ಲಾಗು ನೋಡಿದಳು. ಒಂಬತ್ತು ಹದಿನೆಂಟಕ್ಕೆ ಬಂದದ್ದು ಆಮೇಲೆ ಹೋಗಿಯೇ ಇರಲಿಲ್ಲ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಆ ಪೋರ್ಟಿನಲ್ಲಿ ಕೇಬಲ್ ಒಂದೇ ಸಮ ಇತ್ತು, ಅವಳು ಕೆಳಗೆ ಕೂತಿದ್ದಷ್ಟು ಹೊತ್ತೂ. ಹತ್ತು ಮೂವತ್ತೊಂದಕ್ಕೆ ಹೋಗಿದೆ ಅಂತ ಬರೆದಿತ್ತು. ಆಮೇಲೆ ಏನಿಲ್ಲ. ಮಷಿನ್ನಿನ ಹಿಂದೆ ಬಗ್ಗಿ ನೋಡಿದಳು. ಬಿರಟೆ ಹಾಗೇ ಇತ್ತು.

ಅವಳು ಮನೆಗೆ ಬಂದಾಗ ಹನ್ನೊಂದು ಗಂಟೆ ಹತ್ತಿರ. ದೊಡ್ಡಮ್ಮ ಮಲಗಿದ್ದಲ್ಲಿಂದಲೇ ಎಲ್ಲಿದ್ದೆ ಇಷ್ಟು ಹೊತ್ತು ಅಂತ ಕೇಳಿದಳು. ಕೆಲಸ ಇತ್ತಮ್ಮ, ಮುಗೀತು ಅಂದಳು ಸಣ್ಣಕ್ಕ. ನಾನು ಹಾಲ್‌ನಲ್ಲಿ ಚಾಪೆ ಹಾಕಿ ಮಲಗಿದ್ದೆ. ನನ್ನ ಭುಜ ಅಲುಗಿಸಿ ಎಬ್ಬಿಸಿದಳು. ಕಣ್ಣು ಕೆಂಪಗೆ ಊದಿತ್ತು. ಅಡುಗೆಮನೆಗೆ ಕರ್ಕೊಂಡು ಹೋಗಿ, ಬಾಗಿಲು ಓರೆ ಮಾಡಿಕೊಂಡು, ಇದಿಷ್ಟನ್ನೂ ಪಿಸುಮಾತಿನಲ್ಲಿ ಹೇಳಿದಳು. ನನಗೆ ಹೇಳಿದ್ದು ಬಿಟ್ಟರೆ ಇನ್ನೊಬ್ಬರಿಗೆ ಹೇಳಿಲ್ಲ. ದೊಡ್ಡಮ್ಮನಿಗಂತೂ ಗೊತ್ತೇ ಇಲ್ಲ. ನೀವೂ ಯಾರೂ ಬಾಯಿ ಬಿಡಬಾರದು, ಹೇಳಿದೀನಿ. ಆ ಮುದಿಜೀವಕ್ಕೆ "ನರಳಲಿಲ್ಲ" ಅನ್ನೋದೊಂದೇ ಉಳಿದಿರೋದು.

ಆಮೇಲೆ ಸಣ್ಣಕ್ಕ ಅಂದಳು, ಬೀರು ಮೇಲಿಂದ ಅದನ್ನ ಇಳಿಸೋಣ ಬಾ ಅಂತ.

ನಾನು ಕುರ್ಚಿ ಹಾಕಿ ಹತ್ತಿದೆ. ಗಂಟು ನಾನು ಹಾಕಿದ್ದೇ, ಬಿಚ್ಚಿರಲಿಲ್ಲ. ದುಪ್ಪಟಿ ಮೇಲೆ ಬೆರಳಿನಲ್ಲಿ ಗೀಚಿದ್ರೆ ಗೆರೆ ಬೀಳುವಷ್ಟು ಧೂಳಿತ್ತು. ಇಳಿಸಿ ಮಂಚದ ಮೇಲಿಟ್ಟೆ. ಗಂಟು ಬಿಚ್ಚಿದೆ. ಕೇಬಲ್ ಇಲ್ಲ, ಪವರ್ ವೈರು ಇಲ್ಲ, ಅದರ ಪಕ್ಕದಲ್ಲಿ ಒಂದು ಸ್ವಿಚ್ ಬೋರ್ಡ್ ಕೂಡ ಇಲ್ಲ. ಸಣ್ಣಕ್ಕ ದೂರ ನಿಂತಿದ್ದಳು. "ನೀನೇ ಮುಟ್ಟಿ ನೋಡು" ಅಂದಳು.

ನನಗೆ ಸುಳ್ಳು ಹೇಳಿ ಏನಾಗಬೇಕಾಗಿದೆ? ಆ ಕೋಣೆಗೆ ಬಿಸಿಲು ಬೀಳೋಲ್ಲ. ಆವತ್ತು ಚಳಿ ಬೇರೆ ಇತ್ತು, ಬೀರುವಿನ ಕಬ್ಬಿಣ ಕೈಗೆ ತಣ್ಣಗೆ ಕೊರೀತಿತ್ತು. ಈ ಅಂಗೈಯಿಂದಲೇ ಮುಟ್ಟಿದೆ, ಒಂದಲ್ಲ, ಎರಡು ಸಲ ಮುಟ್ಟಿದೆ.

ಸ್ಕ್ರೀನಿನ ಬೆನ್ನು ಬೆಚ್ಚಗಿತ್ತು.